ನಿಂಬೆಹಣ್ಣು ಮತ್ತು ಕರಿ ಪೆಟ್ಟಿಗೆ

ನಮ್ಮ ಮನೆಯಲ್ಲಿ ಸದ್ಯಕ್ಕೆ ತಾತ-ಮೊಮ್ಮಗಳ ನಡುವೆ ಮಾತುಕತೆ ಬಂದ್. "ನಿನ್ನ ಮಗಳಿಗೆ ಹೇಳಮ್ಮ, ಸಾರು ಆರಿಹೋಗ್ತಿದೆ ಅಂತ." "ತಾತಂಗೆ ಹೇಳಮ್ಮ, ನನ್ನ ಸ್ಕೋರು 58ಕ್ಕೆ ಬಿತ್ತು ಅಂತ." ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಎದುರುಬದುರು ಕೂತೇ ಇದಿಷ್ಟು ನನ್ನ ಮೂಲಕ ರವಾನೆಯಾಗುತ್ತದೆ. ನನಗೋ ನಗು. ನಕ್ಕರೆ ಇಬ್ಬರಿಗೂ ಕೋಪ. ಆಗಾಗ ಯುಟಿಲಿಟಿ ರೂಮಿಗೆ ಹೋಗಿ, ವಾಷಿಂಗ್ ಮಷಿನ್ ಸದ್ದಿನಲ್ಲಿ ಮನಸಾರೆ ನಕ್ಕು ಬರುತ್ತೇನೆ.

ಹದಿನೇಳು ತುಂಬಿದ ಮಗಳು ಡ್ರೈವಿಂಗ್ ಟೆಸ್ಟ್ ಪಾಸಾದಳು. ಅದೂ ಇಂಗ್ಲೆಂಡಿನ ಮಿಲ್ಟನ್ ಕೀನ್ಸಿನಲ್ಲಿ, ಹೆಜ್ಜೆಗೊಂದು ರೌಂಡಬೌಟ್ ಇರುವ ಊರಿನಲ್ಲಿ. ಕಾರಿಗೆ ಎರಡೂವರೆ ಸಾವಿರ ಪೌಂಡು ಎಂದು ಯಜಮಾನರು ಘೋಷಿಸಿದರು. ಅವರ ಕಣ್ಣಿದ್ದದ್ದು ಹಳೆಯದೊಂದು ಬಿಎಂಡಬ್ಲ್ಯೂ ಮೇಲೆ. ಮಗಳ ನೆಪದಲ್ಲಿ ತಾವೇ ಓಡಿಸುವ ಆಸೆ ಅನ್ನುವುದು ಅತ್ತೆಗೂ ಗೊತ್ತಾಗಿತ್ತು. ಇನ್ಶೂರೆನ್ಸಿಗೆ ಎಷ್ಟಾಗಬಹುದು ಎಂದು ಮಗಳ ವಯಸ್ಸು ಹಾಕಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಕಾರಿನ ಬೆಲೆಯ ಮೂರು ಪಟ್ಟು! "ನನ್ನ ಹೆಸರಲ್ಲೇ ಮಾಡಿಸಿ, ಇವಳು ಆಗಾಗ ಓಡಿಸ್ತಾಳೆ ಅಂದ್ರೆ?" ಅಂದರು. "ಅಪ್ಪಾ, ಅದು ಫ್ರಾಡು," ಅಂದಳು ಮಗಳು. ಅಲ್ಲಿಗೆ ಬಿಎಂಡಬ್ಲ್ಯೂ ಕಥೆ ಮುಗಿಯಿತು.

ಹಳೆಯ ಕಾರುಗಳನ್ನು ಇಲ್ಲಿ 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪುಗಳಲ್ಲಿ ಹಾಕಿರುತ್ತಾರೆ. ಹೊಸ ಹುಡುಗರ ಪಾಲಿಗೆ ತಳದ ಗುಂಪುಗಳೇ ಗತಿ. ಮಗಳು ಶಿಸ್ತಾಗಿ ಪಟ್ಟಿ ಮಾಡಿದಳು. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿರುವ ಮಾವನವರು ಆ ಪಟ್ಟಿಯನ್ನು ಕೇಳಿ ಪಡೆದು, ಕೆಂಪು ಪೆನ್ನು ಹಿಡಿದು ಕೂತರು. ಇಲ್ಲಿಯ ನಂಬರ್ ಪ್ಲೇಟಿನ ನಡುವಿನ ಎರಡು ಅಂಕಿ ಕಾರಿನ ವಯಸ್ಸು ಹೇಳುತ್ತವೆ ಎಂದು ಅವರಿಗೆ ತಿಳಿಸಿದ ಪುಣ್ಯಾತ್ಮ ಯಜಮಾನರೇ. "62? ಕೂಡಿದರೆ ಎಂಟು. ಶನಿ. ಬೇಡ." 2012ರ ಸೆಪ್ಟೆಂಬರಿನಿಂದ 2013ರ ಫೆಬ್ರವರಿವರೆಗೆ ಬ್ರಿಟನ್ನಿನಲ್ಲಿ ರಿಜಿಸ್ಟರ್ ಆದ ಅಷ್ಟೂ ಕಾರುಗಳು ಒಂದೇ ಗೀಟಿಗೆ ಹೋದವು. 13? ನಾಲ್ಕು, ರಾಹು. 61? ಕೇತು. ಉಳಿದದ್ದು 12: ಮೂರು, ಗುರು. ಹಾಗೆ ಗುರುಬಲ ಕೂಡಿಬಂದು ಒಂದು ಬಿಳಿ ಹ್ಯುಂಡೈ ಐ10 ಸಿಕ್ಕಿತು. ಅದರ ಎಂಒಟಿ (ವಾರ್ಷಿಕ ತಪಾಸಣೆ) ಇತಿಹಾಸವನ್ನು ಆನ್‌ಲೈನಿನಲ್ಲಿ ತೆಗೆದುಕೊಟ್ಟರೆ ಮಾವ ಅದನ್ನು ಜಾತಕದ ಹಾಗೆ ಓದಿದರು. ಯಾವ ವರ್ಷ ಟೈರು ಸವೆದಿತ್ತು, ಯಾವ ವರ್ಷ ಬಲ್ಬು ಹೋಗಿತ್ತು, ಎಲ್ಲ ಬಾಯಿಪಾಠ. ಆ ಕಾಲದ ಐ10ಗಳು ಇಲ್ಲಿಗೆ ಬರುತ್ತಿದ್ದದ್ದು ಚೆನ್ನೈ ಕಾರ್ಖಾನೆಯಿಂದ ಎಂದು ತಿಳಿದಾಗಲಂತೂ ಎದ್ದು ನಿಂತರು. ಕಾವೇರಿ ವಿಷಯ ಬಂದರೆ ತಮಿಳುನಾಡಿನ ಹೆಸರೆತ್ತಲು ಬಿಡದ ಮನುಷ್ಯ, "ಅವರು ಕುಡಿಯೋದು ನಮ್ಮ ಕನ್ನಂಬಾಡಿ ನೀರು ತಾನೇ? ಅಂದ್ಮೇಲೆ ಇದು ನಮ್ಮ ಗಾಡಿ," ಎಂದು ರಾಜಿ ಮಾಡಿಕೊಂಡರು.

ಜೀವಮಾನವೆಲ್ಲ ಅವರದ್ದು ಬಜಾಜ್ ಚೇತಕ್ ಒಂದೇ. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದದ್ದು. ಎಡಕ್ಕೆ ವಾಲಿಸಿ ಕಿಕ್ ಹೊಡೆದು, ಮುಂದೆ ಮಗ, ಹಿಂದೆ ಅತ್ತೆ, ಅತ್ತೆಯ ತೊಡೆ ಮೇಲೆ ನಾದಿನಿ. ಐ10 ಮನೆಗೆ ಬಂದ ಸಂಜೆ ಮಾವ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಕಾರು ಎಲ್ಲಿಗೂ ಹೊರಟಿರಲಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದರು. ನಾನು ಕಾಫಿಯನ್ನು ಅಲ್ಲಿಗೇ ಕೊಟ್ಟುಬಂದೆ.

ಇನ್ನು ಪೂಜೆ. ಜೂನ್ ತಿಂಗಳ ಶನಿವಾರ. ರಾಹುಕಾಲವೆಂದರೆ ಹಗಲಿನ ಎಂಟನೇ ಒಂದು ಭಾಗ; ಇಲ್ಲಿಯ ಹದಿನಾರು ಗಂಟೆ ಮೀರಿದ ಹಗಲಿಗೆ ಅದು ಎರಡು ಗಂಟೆ ದಾಟುತ್ತದೆ. "ಇಂಗ್ಲೆಂಡಲ್ಲಿ ರಾಹುಗೂ ಓವರ್‌ಟೈಮು," ಅಂದರು ಯಜಮಾನರು. ಯಾರೂ ನಗಲಿಲ್ಲ. ಹನ್ನೊಂದೂಕಾಲಕ್ಕೆ ಅರಿಶಿನ, ಕುಂಕುಮ, ಊದುಬತ್ತಿ ಆಯಿತು. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು.

ಎಡವಟ್ಟಾದದ್ದು ಹಣ್ಣಿನಿಂದಲೇ. ಸೂಪರ್‌ಮಾರ್ಕೆಟ್ಟಿನ ಮೇಣ ಹಚ್ಚಿದ, ದಪ್ಪ ಸಿಪ್ಪೆಯ ಮಾಲು. "ಇದೇನಮ್ಮ, ನಿಂಬೆಯೋ ಮಾದಳವೋ?" ಎಂದು ಮಾವ ಅನುಮಾನಿಸಿದರೂ ಚಕ್ರದಡಿ ಇಟ್ಟರು. ಮಗಳು ಕಾರು ಮುಂದಕ್ಕೆ ಬಿಟ್ಟಳು. ಮೂರು ಅಪ್ಪಚ್ಚಿ. ನಾಲ್ಕನೆಯದು ಒಡೆಯದೆ ಚಂಗನೆ ಹಾರಿ ಡ್ರೈವ್‌ವೇ ಇಳಿಜಾರಿನಲ್ಲಿ ರಸ್ತೆಗೆ ಉರುಳಿತು. ನಾಯಿ ಅಡ್ಡಾಡಿಸುತ್ತಿದ್ದ ಪಕ್ಕದ ಮನೆಯಾತ ಹೆಕ್ಕಿ ತಂದು, ಏನೂ ಕೇಳದೆ, ತಾನೇ ಚಕ್ರದ ಮುಂದಿಟ್ಟು ಹೋದ. ಮತ್ತೆ ಬಿಟ್ಟಳು, ಮತ್ತೆ ಹಾರಿತು. ಈ ಸಲ ಅತ್ತೆ ಸೆರಗು ಸಿಕ್ಕಿಸಿ ಅದರ ಹಿಂದೆ. "ನಿಲ್ಸೇ! ಅಜ್ಜಿ! ಅಜ್ಜಿ!" ಎಂದು ಮಾವ ಬೀದಿ ನಡುಗುವಂತೆ ಕೂಗಿದರು. ಗಕ್ಕನೆ ಬ್ರೇಕು. ರಿವರ್ಸು. ಇನ್ನೊಮ್ಮೆ. ಮತ್ತೆ ಬ್ರೇಕು.

ಇನ್ಶೂರೆನ್ಸ್ ಇಳಿಯಲೆಂದು ಆ ಕಾರಿಗೆ ಕರಿ ಪೆಟ್ಟಿಗೆ ಹಾಕಿಸಿದ್ದೆವು. ವೇಗ, ಬ್ರೇಕು, ತಿರುವು, ಹೊತ್ತು, ಎಲ್ಲ ಬರೆದುಕೊಂಡು ಅಂಕ ಕೊಡುವ ಪೆಟ್ಟಿಗೆ. ಅದಕ್ಕೆ ಪೂಜೆ ತಿಳಿಯಬೇಕಲ್ಲ? ಸಂಜೆಯ ಹೊತ್ತಿಗೆ ಮಗಳ ಫೋನಿನಲ್ಲಿ ಕೆಂಪು ಗುರುತು: ಮೇಲಿಂದ ಮೇಲೆ ಅಪಾಯಕಾರಿ ಬ್ರೇಕಿಂಗ್. ಪ್ರಯಾಣದ ದೂರ: ಸೊನ್ನೆ.

"ನಾನು ಮಾತಾಡ್ತೀನಿ," ಎಂದು ಮಾವ ಕಂಪನಿಗೇ ಫೋನ್ ಹಚ್ಚಿಸಿದರು, ಸ್ಪೀಕರಿನಲ್ಲಿ. ಆ ಕಡೆಯ ಹುಡುಗ ಬಲು ತಾಳ್ಮೆಯವನು. ಕಾರು ಯಾವುದಕ್ಕಾದರೂ ತಗುಲಿತೇ ಎಂದು ಕೇಳಿದ. "ಯೆಸ್. ಫೋರ್ ಲೆಮನ್ಸ್." ಆ ಕಡೆ ಮೌನ. ಆಮೇಲೆ ಅವನ ಫಾರಂ ಕೇಳಿಸಿದ ಪ್ರಶ್ನೆ: ಆ ಲೆಮನ್‌ಗಳು ಬೇರೆಯವರ ಆಸ್ತಿಯೇ? "ನೋ ನೋ, ಅವರ್ ಓನ್ ಲೆಮನ್ಸ್." ಗಾಯ? "ತ್ರೀ ಡೆಡ್," ಅಂದರು ಮಾವ, ಪೂರ್ತಿ ಪ್ರಾಮಾಣಿಕವಾಗಿ. ಮಗಳು ಫೋನ್ ಕಸಿದುಕೊಂಡಳು. ಮಾತು ಬಿಟ್ಟದ್ದು ಆಗಲೇ.

ಅಂಕ ಮೇಲೇರಬೇಕಾದರೆ ಇನ್ನು ಮೆಲ್ಲಗೆ ಓಡಿಸುವುದೊಂದೇ ದಾರಿಯಂತೆ. ಈಗ ಸಂಜೆ ಸಂಜೆ ಇಬ್ಬರೂ ಮಾತಿಲ್ಲದೆ ಜೊತೆಯಲ್ಲೇ ಹೊರಡುತ್ತಾರೆ. ರೌಂಡಬೌಟ್ ಬಂದಾಗ ತಾತ ಬರೀ ಕೈ ಎತ್ತುತ್ತಾರಂತೆ, ಮೊಮ್ಮಗಳು ಬ್ರೇಕಿನ ಮೇಲೆ ಮೃದುವಾಗಿ ಕಾಲಿಡುತ್ತಾಳಂತೆ. ಸ್ಕೋರು 71 ಆಗಿದೆ. ಇದನ್ನು ನನಗೆ ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳಿದರು.

ಆದರೆ ನಿನ್ನೆ ಯಜಮಾನರು ಮತ್ತೆ ಬಾಯಿ ಬಿಟ್ಟಿದ್ದಾರೆ: ಅಕ್ಟೋಬರಿನಲ್ಲಿ ಇಲ್ಲಿಯ ಅಂಗಡಿಗಳ ಬಾಗಿಲಲ್ಲೆಲ್ಲ ಕುಂಬಳಕಾಯಿ ರಾಶಿ ಹಾಕಿರುತ್ತಾರೆ ಎಂದು. ಮಾವ ಕ್ಯಾಲೆಂಡರ್ ತೆಗೆದು ಆಯುಧಪೂಜೆ ಯಾವತ್ತು ಎಂದು ನೋಡುತ್ತಿದ್ದಾರೆ. ಮಗಳು ಕಾರಿನ ಕೀ ಎಲ್ಲಿಟ್ಟಿದ್ದಾಳೋ, ನನಗೂ ಹೇಳುತ್ತಿಲ್ಲ.