ಅಶರೀರವಾಣಿಯ ಸಾಹುಕಾರರು

ಕೊಡಗಿನಲ್ಲಿ ಊರೆಂಬುದು ಬಯಲುಸೀಮೆಯ ಊರಿನಂತೆ ಒಂದೆಡೆ ಗುಂಪುಗೂಡಿ ಕುಳಿತುಕೊಳ್ಳುವ ಪದಾರ್ಥವಲ್ಲ. ಗದ್ದೆಯ ಅಂಚಿಗೊಂದು ಐನ್‌ಮನೆ, ಅಲ್ಲಿಂದ ಅರ್ಧ ಮೈಲಿಯಾಚೆ ಬೆಟ್ಟದ ಓರೆಗೆ ಇನ್ನೊಂದು ಮನೆ, ನಡುವೆ ಕಾಫಿಯ ತೋಟ, ತೋಟಕ್ಕೆ ನೆರಳಾಗಿ ನಿಂತ ಹಲಸು, ಸಿಲ್ವರ್ ಓಕುಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಇವೆಲ್ಲದರ ಮೇಲೆ ಮುಂಗಾರು ಹಿಡಿದರೆ ಎಡೆಬಿಡದೆ ಸುರಿಯುವ ಮಳೆ; ಹೀಗಿರುವಲ್ಲಿ ಒಬ್ಬರ ಮನೆಯ ಮಾತು ಮತ್ತೊಬ್ಬರ ಕಿವಿಗೆ ಬೀಳುವ ಸಂಭವವೇ ಇಲ್ಲದುದರಿಂದ, ಗುಟ್ಟನ್ನು ಕಾಪಾಡಿಕೊಳ್ಳುವ ವಿದ್ಯೆಯನ್ನು ಇಲ್ಲಿಯ ಜನ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕಾಗಿಯೇ ಬರಲಿಲ್ಲ. ಆ ಕೆಲಸವನ್ನು ಭೂಗೋಳವೇ ವಹಿಸಿಕೊಂಡಿತ್ತು. ಪುತ್ತರಿಯ ಕೋಲಾಟಕ್ಕೆ ಮಂದ್‌ನಲ್ಲಿ ನೆರೆದಾಗ, ಮದುವೆಗೆ ಕೊಡವ ಸಮಾಜದಲ್ಲಿ ಕಲೆತಾಗ, ಹಾಕಿಯ ಪಂದ್ಯಕ್ಕೆ ಮೈದಾನದ ಸುತ್ತ ಕುಳಿತಾಗ ಎಷ್ಟು ಮಾತೋ ಅಷ್ಟು. ಮಿಕ್ಕಂತೆ ಅವರವರ ತೋಟದ ಗೇಟಿನೊಳಗೆ ಅವರವರ ಸಂಸಾರ. ಇಂತಹ ನಾಡಿಗೆ, ಸದ್ದಿಲ್ಲದೆ ಎನ್ನಲಾರೆ, ಬಹಳ ಸದ್ದಿನಿಂದಲೇ, ಒಂದು ಸಾರ್ವಜನಿಕ ಚಾವಡಿಯನ್ನು ತಂದುಕೊಟ್ಟವರು ನಮ್ಮ ಸಾಹುಕಾರರು.

ಕಾಫಿ ಬೆಳೆಗಾರರನ್ನು ತೋಟದ ಆಳುಗಳು ಸಾಹುಕಾರರೆಂದು ಕರೆಯುವುದು ವಾಡಿಕೆ. ನಾನೂ ಅದನ್ನೇ ಅನುಸರಿಸಿ ಅವರ ಹೆಸರನ್ನು ಮರೆಮಾಡಿದ್ದೇನೆ. ಹೆಸರಿನಿಂದ ಆಗಬೇಕಾದುದಾದರೂ ಏನು? ಗೋಣಿಕೊಪ್ಪದಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ ಯಾವ ಹೊತ್ತಿನಲ್ಲಾದರೂ ನಿಂತು ನೋಡಿ: ಕೆಎ 12 ಎಂಬ ಫಲಕವನ್ನು ಹೊತ್ತು, ಕೆಸರು ಮೆತ್ತಿದ ಚಕ್ರಗಳಿಂದಲೂ ಕನ್ನಡಿಯಂತೆ ಒರೆಸಿದ ಬಾನೆಟ್ಟಿನಿಂದಲೂ ಶೋಭಿಸುತ್ತ ಬರುವ ವಾಹನದೊಳಗೆ, ಮೀಸೆಯನ್ನು ತಿದ್ದಿದ, ಹ್ಯಾಟು ಧರಿಸಿದ, ಅರವತ್ತು ದಾಟಿಯೂ ಬೆನ್ನು ಬಾಗದ ಗೃಹಸ್ಥರೊಬ್ಬರು, ತಣ್ಣನೆಯ ಯಂತ್ರದ ಗಾಳಿ ತಮಗೆ ಒಗ್ಗದೆಂದು ನಾಲ್ಕು ಕಿಟಕಿಗಳನ್ನೂ ಇಳಿಸಿ, ಎದುರಿಗೆ ಯಾರೂ ಇಲ್ಲದಿದ್ದರೂ ಯಾರನ್ನೋ ಉದ್ದೇಶಿಸಿ ಉಚ್ಚ ಕಂಠದಿಂದ ಭಾಷಣ ಮಾಡುತ್ತಿರುತ್ತಾರೆ; ಆ ಭಾಷಣಕ್ಕೆ ಬಾಗಿಲುಗಳಲ್ಲಿ ಹುದುಗಿರುವ ಧ್ವನಿವರ್ಧಕಗಳಿಂದ ಅಶರೀರವಾಣಿಯೊಂದು ಅದಕ್ಕಿಂತಲೂ ಉಚ್ಚವಾಗಿ ಉತ್ತರ ಕೊಡುತ್ತಿರುತ್ತದೆ. ಅವರೇ ನಮ್ಮ ಸಾಹುಕಾರರು.

ಅವರ ಕಂಠವನ್ನು ಆಕ್ಷೇಪಿಸುವ ಮೊದಲು ಅದರ ಪೂರ್ವೋತ್ತರವನ್ನು ತಿಳಿಯುವುದು ನ್ಯಾಯ. ಬಾಲ್ಯದಲ್ಲಿ ಅವರು ಮಾತು ಕಲಿತದ್ದು ಗದ್ದೆಯ ಈಚೆಯ ಬದುವಿನಲ್ಲಿ ನಿಂತು ಆಚೆಯ ಬದುವಿನವನನ್ನು ಕೂಗಿ ಕರೆಯುತ್ತ. ಯೌವನದಲ್ಲಿ ಫೋನು ಕಲಿತದ್ದು ಟ್ರಂಕ್ ಕಾಲಿಗೆ ನಂಬರು ಬರೆಸಿ, ಅರ್ಧ ದಿನ ಕಾದು, ಕಡೆಗೂ ಕೈಗೆ ಬಂದ ಮೂರು ನಿಮಿಷಗಳಲ್ಲಿ ಮಂಗಳೂರಿನ ಮೆಣಸಿನ ವರ್ತಕರಿಗೆ ತಲಪುವಂತೆ, ತಂತಿಯ ಸಹಾಯ ಸಾಲದೇ ಹೋದೀತೆಂಬ ಶಂಕೆಯಿಂದ, ಸ್ವಂತ ಶ್ವಾಸಕೋಶದ ಬಲವನ್ನೂ ಸೇರಿಸಿ ಅರಚುತ್ತ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದುಹೋದ ಮೇಲೂ ಅವರ ಧ್ವನಿ ಒಂದೆರಡು ಮೈಲಿ ಮುಂದಕ್ಕೆ ಹೋಗುತ್ತಿತ್ತೆಂದು ಹಿರಿಯರು ಹೇಳುವುದುಂಟು. ಅಂತಹ ಕಂಠವನ್ನು ಸ್ಟಿಯರಿಂಗಿನ ಮೇಲ್ಗಡೆ ಅಡಗಿರುವ ಕಾಳಿನಷ್ಟು ದಪ್ಪದ ಮೈಕಿಗೆ ಒಗ್ಗಿಸುವುದು ಈ ವಯಸ್ಸಿನಲ್ಲಿ ಸಾಧ್ಯವೆ?

ಇದಲ್ಲದೆ ಸಾಹುಕಾರರು ಕಾಯಿದೆಗೆ ವಿಧೇಯರು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ವಾಹನ ನಡೆಸುತ್ತ ಫೋನನ್ನು ಕೈಯಲ್ಲಿ ಹಿಡಿಯುವುದು ಅಪಾಯಕಾರಿ ಚಾಲನೆಯೆನ್ನಿಸಿ, ಮೊದಲ ಸಲದ ತಪ್ಪಿಗೇ 1000ದಿಂದ 5000 ರೂಪಾಯಿಗಳವರೆಗೆ ದಂಡವೋ ಆರು ತಿಂಗಳಿಂದ ಒಂದು ವರ್ಷದ ಸೆರೆವಾಸವೋ ಎರಡೂ ಸೇರಿಯೋ ವಿಧಿಸಬಹುದೆಂದು ಗೊತ್ತಾದಂದಿನಿಂದ ಅವರು ಫೋನನ್ನು ಕೈಯಲ್ಲಿ ಮುಟ್ಟಿದವರಲ್ಲ. "ಕೈ ಖಾಲಿ ಇರಬೇಕು ಮೇಷ್ಟ್ರೇ, ಕೈ ಖಾಲಿ!" ಎಂದು ಸಾರುತ್ತ ಆ ಖಾಲಿಯಾದ ಎರಡು ಕೈಗಳನ್ನೂ ಸ್ಟಿಯರಿಂಗಿನಿಂದ ಮೇಲೆತ್ತಿ ನನಗೆ ತೋರಿಸುತ್ತಾರೆ, ಆಗ ನಾನು ಕಣ್ಣು ಮುಚ್ಚಿ ಇಗ್ಗುತ್ತಪ್ಪನನ್ನು ಸ್ಮರಿಸುತ್ತೇನೆ.

ಈ ಚಾವಡಿಯ ಕಲಾಪವು ಪರಾಕಾಷ್ಠೆಗೇರುವುದು ಮಾರ್ಚ್ ತಿಂಗಳಲ್ಲಿ. ಕಾಫಿಯ ಮೊಗ್ಗು ಅರಳಲು ಆಗ ಒಂದು ಇಂಚಿನಷ್ಟಾದರೂ ಹೂಮಳೆ ಬೀಳಬೇಕು. ಅದಕ್ಕಿಂತ ಕಡಿಮೆ ಬಿದ್ದರೆ ಬೀಳದೇ ಇರುವುದಕ್ಕಿಂತಲೂ ಕಷ್ಟ, ಏಕೆಂದರೆ ಮೊಗ್ಗು ಅರೆಬರೆ ಕಣ್ಣು ತೆರೆದು ಕೆಟ್ಟುಹೋಗುತ್ತದೆ, ಕೂಡಲೇ ಪಂಪು ಹೂಡಿ ಸ್ಪ್ರಿಂಕ್ಲರಿನಿಂದ ಮಳೆಯ ಬಾಕಿಯನ್ನು ತೀರಿಸಬೇಕಾಗುತ್ತದೆ. ದೇಶವೆಲ್ಲ ಮಿಲಿಮೀಟರಿಗೆ ಬದಲಾದರೂ ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚಿನಲ್ಲಿ, ಇಂಚನ್ನು 100 ಸೆಂಟುಗಳಾಗಿ ವಿಭಾಗಿಸಿ ಅಳೆಯುತ್ತಾರೆ. ಮೊದಲ ಗುಡುಗು ಕೇಳಿದ ಮರುದಿನ ಬೆಳಗ್ಗೆ ಜಿಲ್ಲೆಯ ಫೋನುಗಳೆಲ್ಲ ಸೆಂಟಿನ ಲೆಕ್ಕವನ್ನೇ ಹೊತ್ತು ಓಡಾಡುತ್ತವೆ. ಮಳೆ ಬೀಳುವುದು ದೈವಾಧೀನವಾದರೂ, ತನ್ನ ತೋಟಕ್ಕೆ ನೆರೆಯವನ ತೋಟಕ್ಕಿಂತ ಹೆಚ್ಚು ಬಿತ್ತೆಂಬುದು ಬೆಳೆಗಾರನಿಗೆ ಸ್ವಂತ ಪೌರುಷದ ವಿಷಯ. ಅಂತಹ ಒಂದು ಬೆಳಗ್ಗೆ ಸಾಹುಕಾರರು ಪೊನ್ನಂಪೇಟೆಯ ಗೆಳೆಯರೊಬ್ಬರ ಅಶರೀರವಾಣಿಗೆ, "ನಮ್ಮಲ್ಲಿ ಒಂದು ಇಂಚು ಹತ್ತು ಸೆಂಟು, ಚೆನ್ನಾಗಿ ಹೊಯ್ದಿದೆ" ಎಂದು ಗಂಭೀರವಾಗಿ ನಿವೇದಿಸಿ, ಆ ಗೆಳೆಯರ ನಿಟ್ಟುಸಿರನ್ನು ಧ್ವನಿವರ್ಧಕಗಳ ಮೂಲಕ ಸವಿದು, ಅದೇ ಅಂಕಿಯನ್ನು ಕಾರಿನೊಳಗಿದ್ದ ನಮಗೂ ಗೋಣಿಕೊಪ್ಪದ ಚಹಾದಂಗಡಿಯ ಮುಂದೆ ನಿಂತಿದ್ದವರಿಗೂ ಮತ್ತೊಮ್ಮೆ ಘೋಷಿಸುತ್ತಿರುವಾಗಲೇ ತೋಟದ ರೈಟರನ ಕರೆ ಬಂತು, ಗುಂಡಿ ಒತ್ತದೆಯೇ ಅದು ತಾನಾಗಿ ತೆರೆದುಕೊಂಡು, ಚಹಾದಂಗಡಿಯ ಬೆಂಚಿನವರೆಗೂ ಕೇಳುವಂತೆ, "ಸಾವ್ಕಾರ್ರೇ, ಮಳೆಮಾಪಕ ನೋಡಿದೆ. ಮೂವತ್ತೈದು ಸೆಂಟು. ಪಂಪಿಗೆ ಡೀಸೆಲ್ ತರಬೇಕು" ಎಂದಿತು. ಸಾಹುಕಾರರು ಕ್ಷಣಕಾಲ ಸ್ತಬ್ಧರಾಗಿ, ಅನಂತರ ನಮ್ಮ ಕಡೆ ತಿರುಗಿ, "ಅದು ಕೆಳಗಿನ ತೋಟದ್ದು" ಎಂದರು. ಅವರಿಗಿರುವುದು ಒಂದೇ ತೋಟ.

ಬಾಯಿಮಾತಿನಿಂದಲೇ ಫೋನು ಮಾಡಿಸುವ ಸೌಕರ್ಯವೊಂದು ಆ ಕಾರಿನ ಯಂತ್ರದಲ್ಲಿದೆ. ಆದರೆ ಕೊಡಗಿನ ಹೆಸರುಗಳ ಸ್ವಾರಸ್ಯ ಅದಕ್ಕೆ ನಿಲುಕದು. ಇಲ್ಲಿ ಕಾರ್ಯಪ್ಪನೆಂದು ಕೂಗಿದರೆ ಒಂದು ಊರಿನಲ್ಲಿಯೇ ನಾಲ್ವರು ತಿರುಗಿ ನೋಡುವುದರಿಂದ, ಮನುಷ್ಯನನ್ನು ಗುರುತಿಸುವುದು ಮನೆತನದ ಹೆಸರಿನಿಂದ. ಆ ಮನೆತನಗಳಲ್ಲಿಯೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದು ಕೊಡಂದೇರ, ಜನರಲ್ ತಿಮ್ಮಯ್ಯನವರದು ಕೊಡೆಂದೇರ. ದೇಶಕ್ಕೆ ಇಬ್ಬರು ಸೇನಾಧಿಪತಿಗಳನ್ನು ಕೊಟ್ಟ ಆ ಎರಡು ಮನೆತನಗಳ ನಡುವಣ ಒಂದು ಸ್ವರದ ಅಂತರವನ್ನು ಇಲ್ಲಿಯ ಎಳೆಯ ಮಗುವೂ ಬಲ್ಲುದು. ಸಾಗರದಾಚೆ ವಿದ್ಯಾಭ್ಯಾಸ ಮಾಡಿದ ಕಾರಿನ ಯಂತ್ರವು ಅರಿಯದು. ಸಾಹುಕಾರರು ತಮ್ಮ ಪುಸ್ತಕದಲ್ಲಿ ಬಂಕ್ ಕಾರ್ಯಪ್ಪ, ಗದ್ದೆ ಕಾರ್ಯಪ್ಪ, ಮಿಲಿಟರಿ ಕಾರ್ಯಪ್ಪ ಎಂದು ನಾನಾ ಉಪಾಧಿಗಳನ್ನು ಬರೆದಿಟ್ಟು, ಒಬ್ಬರಿಗೆ ಸಂತಾಪ ಹೇಳಲು ಹೋಗಿ ಮತ್ತೊಬ್ಬರಿಗೆ ಹೇಳಿ, ಇನ್ನೂ ಜೀವಂತವಾಗಿರುವ ತಂದೆಯ ಬಗ್ಗೆ ಆ ಮತ್ತೊಬ್ಬರು ಗಾಬರಿಯಾಗುವಂತೆ ಮಾಡಿದ ಮೇಲೆ, ಆ ಸೌಕರ್ಯದ ಬಳಕೆಯನ್ನು ಕೈಬಿಟ್ಟಿದ್ದಾರೆ.

ಹೆಸರು ಬರೆದಿಡುವ ಅಭ್ಯಾಸ ಮತ್ತೊಂದು ಕಡೆಯಿಂದಲೂ ಅವರನ್ನು ಪರೀಕ್ಷಿಸಿತು. ಅವರ ಪತ್ನಿಯ ತಮ್ಮನು ಆಗಾಗ ಕೈಗಡ ಕೇಳುವ ಸ್ವಭಾವದವನಾದುದರಿಂದ, ಆತನ ನಂಬರಿಗೆ ಮುಂಜಾಗ್ರತೆಯಿಂದ 'ಎತ್ತಬೇಡ' ಎಂದು ನಾಮಕರಣ ಮಾಡಿದ್ದರು. ಜೇಬಿನ ಫೋನಿನಲ್ಲಿ ಆ ನಾಮಧೇಯವು ಗೌಪ್ಯವಾಗಿಯೇ ಇತ್ತು. ಆದರೆ ಕಾರಿನ ಪೆಟ್ಟಿಗೆಯು ಫೋನಿನೊಡನೆ ಸ್ನೇಹ ಬೆಳೆಸುವಾಗ ಅದರ ಹೆಸರುಗಳ ಪುಸ್ತಕವನ್ನೆಲ್ಲ ನಕಲು ಮಾಡಿಕೊಳ್ಳುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ. ಒಮ್ಮೆ ನಾವೆಲ್ಲ ಮಡಿಕೇರಿಗೆ ಹೋಗುತ್ತಿರುವಾಗ ಮುಂದಿನ ಆಸನದಲ್ಲಿದ್ದ ಆ ಮಹಾಶಯನು, "ಭಾವಾ, ನನ್ನ ನಂಬರು ನಿಮ್ಮಲ್ಲಿ ಇದೆಯೋ ಇಲ್ಲವೋ, ಒಂದು ಮಿಸ್ಡ್ ಕಾಲ್ ಕೊಡ್ತೇನೆ" ಎಂದು ಫೋನು ಒತ್ತಿದ್ದೇ ತಡ, ನುಡಿಯುತ್ತಿದ್ದ ಪಿ.ಬಿ. ಶ್ರೀನಿವಾಸರ ಹಾಡು ತಟ್ಟನೆ ನಿಂತು, ಆಕಾಶವಾಣಿಯ ಅಂಕಿಗಳು ಬೆಳಗಬೇಕಾದ ಪರದೆಯ ಮೇಲೆ, ಅಂಗೈಯಗಲದ ಅಕ್ಷರಗಳಲ್ಲಿ 'ಎತ್ತಬೇಡ' ಎಂದು ಮೂಡಿತು. ಹಿಂದೆ ಕುಳಿತ ನಾವು ಕಿಟಕಿಯಿಂದಾಚೆ ಪ್ರಕೃತಿಸೌಂದರ್ಯವನ್ನು ವೀಕ್ಷಿಸತೊಡಗಿದೆವು.

"ಇದು ಎಂತ ಭಾವಾ?"

"ಅದು ಗಾಡಿಯ ಎಚ್ಚರಿಕೆ ಮಾರಾಯಾ," ಎಂದರು ಸಾಹುಕಾರರು, ರೆಪ್ಪೆ ಅಲುಗಿಸದೆ. "ಡ್ರೈವ್ ಮಾಡುವಾಗ ಫೋನು ಎತ್ತಬಾರದು ಅಂತ ಕಾಯಿದೆ ಅಲ್ವ?"

ಭಾವಮೈದುನನು ಗಾಡಿಯ ಧರ್ಮಬುದ್ಧಿಯನ್ನು ಮನಸಾರೆ ಹೊಗಳಿದನು. ಎರಡು ತಿರುವು ದಾಟಿರಲಿಲ್ಲ, ಕುಶಾಲನಗರದ ಕಾಫಿ ವ್ಯಾಪಾರಿಯ ಕರೆ ಬಂದು ಅದೇ ಪರದೆಯ ಮೇಲೆ ಆತನ ಹೆಸರು ಸಾಂಗವಾಗಿ ಬೆಳಗಿದಾಗ, ಆತನು ಬಹು ಹೊತ್ತು ಅದನ್ನೇ ದಿಟ್ಟಿಸಿ, "ಇವರಿಗೆ ಎಚ್ಚರಿಕೆ ಇಲ್ವ ಭಾವಾ?" ಎಂದು ಮೆಲ್ಲನೆ ಕೇಳಿದನು.

ಈ ವ್ಯಾಪಾರಿಯ ಪ್ರಸ್ತಾಪ ಬಂದುದರಿಂದ ಮತ್ತೊಂದು ಮಾತನ್ನು ಹೇಳಲೇಬೇಕು. ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿದ್ದ ಹಿಂದಿನ ಕಾಲದಲ್ಲಿ ಮಂಡಳಿ ಕೊಟ್ಟಷ್ಟು ಎಲ್ಲರಿಗೂ ಗೊತ್ತು, ಬಚ್ಚಿಡುವುದಕ್ಕೆ ಏನೂ ಇರಲಿಲ್ಲ. 1990ರ ದಶಕದಲ್ಲಿ ಮಾರಾಟ ಮುಕ್ತವಾದ ತರುವಾಯ, ಯಾರು ಯಾವ ದಿನ ಯಾವ ದರಕ್ಕೆ ಚೀಲ ಬಿಟ್ಟರೆಂಬುದು ಕೊಡಗಿನ ಪರಮ ರಹಸ್ಯವಾಗಿ ಪರಿಣಮಿಸಿತು. ಆ ರಹಸ್ಯವನ್ನು ನೆರೆಯವರಿಂದ ಮಾತ್ರವಲ್ಲದೆ ಧರ್ಮಪತ್ನಿಯಿಂದಲೂ ರಕ್ಷಿಸಿಕೊಂಡು, ನಡುವಣ ಅಂತರವನ್ನು ಕ್ಲಬ್ಬಿನ ಇಸ್ಪೀಟಿನ ಮೇಜಿಗೆ ಸಮರ್ಪಿಸುವುದು ಸಾಹುಕಾರರ ಗೃಹಸ್ಥಧರ್ಮದ ಒಂದು ಅಂಗವಾಗಿತ್ತು. ಇತ್ತ ಕಾರಿನ ಯಂತ್ರದ ಮರ್ಮವೇನೆಂದರೆ, ಜೇಬಿನ ಫೋನೂ ಕಾರಿನ ಪೆಟ್ಟಿಗೆಯೂ ತಂತಿಯಿಲ್ಲದೆ, 2.4 ಗಿಗಾಹರ್ಟ್ಸ್ ಆವರ್ತನದ ರೇಡಿಯೊ ಅಲೆಗಳಿಂದ, ಸುಮಾರು 10 ಮೀಟರುಗಳ ಸರಹದ್ದಿನೊಳಗೆ ಪರಸ್ಪರ ಸಂಭಾಷಿಸುತ್ತವೆ. ಒಮ್ಮೆ ಪರಿಚಯವಾದರೆ ಮರೆಯುವುದಿಲ್ಲ. ಎಂಜಿನ್ನು ಎಚ್ಚರಗೊಂಡ ಕೂಡಲೇ ಪೆಟ್ಟಿಗೆಯು ಪರಿಚಿತ ಫೋನನ್ನು ಅರಸಿ ಹಿಡಿದು, ನಡೆಯುತ್ತಿರುವ ಮಾತನ್ನು ಸಹ ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಮನೆಯ ಜಗಲಿಯಿಂದ ಪೋರ್ಟಿಕೋದ ಕಾರಿಗೆ 10 ಮೀಟರು ಎಲ್ಲಿಂದ ಬರಬೇಕು? ಸಾಹುಕಾರರು ಜಗಲಿಯ ಆರಾಮಕುರ್ಚಿಯಲ್ಲಿ ಒರಗಿ, ಅಪರೂಪಕ್ಕೆ ತಗ್ಗಿದ ಧ್ವನಿಯಲ್ಲಿ ವ್ಯಾಪಾರಿಯೊಡನೆ ಮಾತನಾಡುತ್ತಿರುವಾಗ, ಪೇಟೆಗೆ ಹೊರಟ ಅವರ ಪತ್ನಿ ಕಾರಿನ ಕೀಲಿಯನ್ನು ತಿರುವಿದರು. ಸಾಹುಕಾರರ ಕಿವಿಯಲ್ಲಿ ಮೌನ, ಕಾರಿನೊಳಗೆ ನಾಲ್ಕು ದಿಕ್ಕಿನಿಂದಲೂ ವ್ಯಾಪಾರಿಯ ಸುಸ್ಪಷ್ಟ ಕಂಠ: "ನಿಮ್ಮ ಮಾತಿನಂತೆಯೇ ಸಾವ್ಕಾರ್ರೇ, ಅಮ್ಮನವರು ಕೇಳಿದರೆ ಹಳೆಯ ರೇಟೇ ಹೇಳ್ತೇನೆ."

"ಹೊಸ ರೇಟು ಎಷ್ಟು?" ಎಂದು ಕಾರು ಕೇಳಿತು.

ಹತ್ತನೆಯ ಶತಮಾನದಲ್ಲಿ ತಮ್ಮತಮ್ಮೊಳಗೆ ಕಾದಾಡುತ್ತಿದ್ದ ಡೇನರನ್ನು ಒಂದುಗೂಡಿಸಿದನೆಂದು ಖ್ಯಾತನಾದ ಹೆರಾಲ್ಡ್ ದೊರೆಯ ಅಡ್ಡಹೆಸರನ್ನು, ಯಂತ್ರಗಳನ್ನು ಕೂಡಿಸುವ ಈ ವಿದ್ಯೆಗೆ ಇಟ್ಟು ಬ್ಲೂಟೂತ್ ಎಂದು ಕರೆದರಂತೆ. ಆ ಸಂಜೆ ಸಾಹುಕಾರರ ಮನೆಯಲ್ಲಿ ದೊರೆಯ ಕೀರ್ತಿಗೆ ಕಳಂಕ ಬಂದಿತೆಂದಷ್ಟೇ ಹೇಳಿ ಮುಂದುವರಿಯುತ್ತೇನೆ. ಅವರು ಕ್ಲಬ್ಬಿಗೆ ಹೋಗುವುದು ಈಗ ಭಾನುವಾರ ಮಾತ್ರ.

ನೆಟ್‌ವರ್ಕ್ ಇಲ್ಲದ ಎಡೆಯಲ್ಲಾದರೂ ಅವರು ಮೌನಿಯಾಗುವರೆಂದು ಭಾವಿಸಿದವರುಂಟು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿಗೆ ಇಳಿದರೆ ಎರಡು ಕಡೆಯೂ ದಟ್ಟವಾದ ಕಾಡು, ಸೂರ್ಯನಿಗೇ ಪ್ರವೇಶ ದುರ್ಲಭವಾದಲ್ಲಿ ಫೋನಿನ ಅಲೆಗೆ ಎಲ್ಲಿಯ ಪ್ರವೇಶ? ಕಣ್ಣೂರಿನ ವಿಮಾನ ನಿಲ್ದಾಣಕ್ಕೆ ಯಾರನ್ನೋ ಕರೆತರಲು ಹೊರಟಿದ್ದ ಆ ದಿನ, ಒಕ್ಕದ ಆಸ್ತಿಯ ಪಾಲಿನ ವಿಷಯವಾಗಿ ದಾಯಾದಿಯೊಬ್ಬರೊಡನೆ ಆರಂಭವಾದ ವಾಗ್ಯುದ್ಧವು ಘಾಟಿಯ ಮೊದಲ ತಿರುವಿನಲ್ಲಿಯೇ ಎದುರು ಪಕ್ಷದಿಂದ ಕಡಿದುಹೋಯಿತು. ಸಾಹುಕಾರರು ಅದನ್ನು ಗಮನಿಸದೆ, ಅಜ್ಜನ ಕಾಲದ ಕಾಗದಪತ್ರಗಳಿಂದ ಮೊದಲ್ಗೊಂಡು ಜಮ್ಮಾ ಬಾಣೆಯ ಸೂಕ್ಷ್ಮಗಳವರೆಗೆ ತಮ್ಮ ವಾದವನ್ನೆಲ್ಲ ಮಾಕುಟ್ಟದ ಕಾಡಿಗೆ ಮಂಡಿಸಿ, ಕೂಟುಪುಳದ ಸೇತುವೆ ಕಾಣಿಸುವ ಹೊತ್ತಿಗೆ ಬೆವರು ಒರೆಸಿಕೊಂಡು, "ನೋಡಿದಿರಾ ಮೇಷ್ಟ್ರೇ, ಕೊನೆಗೂ ಬಾಯಿ ಮುಚ್ಚಿದ" ಎಂದರು. ಅವರ ವಿಜಯವನ್ನು ಭಂಗಪಡಿಸುವ ಧೈರ್ಯ ನನಗಾಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅವರ ಕಿಟಕಿಗಳನ್ನು ಮುಚ್ಚಿಸಬೇಕೆಂದು ನಾನು ವಾದಿಸುವವನಲ್ಲ. ಸಿದ್ದಾಪುರದ ಕಡೆಯ ತೋಟಗಳಲ್ಲಿ ಆನೆಗಳು ಹಗಲಿನಲ್ಲಿಯೂ ಕಾಫಿ ಗಿಡಗಳ ನಡುವೆ ನಿಂತಿರುವುದು ಈಗ ವಿಶೇಷವಲ್ಲ. ಯಾವ ತೋಟದಲ್ಲಿ ಎಷ್ಟು ಆನೆಗಳಿವೆಯೆಂಬ ಸಮಾಚಾರವನ್ನು ಬೆಳೆಗಾರರು ವಾಟ್ಸಾಪಿನ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಮುಟ್ಟಿಸುತ್ತಾರೆ. ನಮ್ಮಂಥವರು ಅದನ್ನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಆನೆಯು ತೋಟ ದಾಟಿರುತ್ತದೆ. ಸಾಹುಕಾರರ ಕಾರಿನಲ್ಲಾದರೋ ಗೆಳೆಯನ ದನಿಸಂದೇಶವು ಬಂದ ಮರುಕ್ಷಣವೇ ನಾಲ್ಕು ಕಿಟಕಿಗಳಿಂದಲೂ ಹೊರಹೊಮ್ಮುತ್ತದೆ. ಬುತ್ತಿ ಹಿಡಿದು ಕೆಳಗಿನ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು, "ಕೆರೆಯ ಹತ್ತಿರ ಮರಿ ಸಹಿತ ಐದು ನಿಂತಿವೆ" ಎಂಬ ಆ ಅಶರೀರವಾಣಿಯನ್ನು ಕೇಳಿ, ಸಾಹುಕಾರರ ಅಪ್ಪಣೆಗೆ ಕಾಯದೆ ಹಿಂದಿರುಗಿ ಲೈನ್ ಮನೆಗಳ ಕಡೆ ನಡೆದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೆಂಗಸರನ್ನು ಕೇಳಿದರೆ ಸಾಹುಕಾರರ ಕಂಠಕ್ಕೆ ಇನ್ನಷ್ಟು ಬಲ ಬರಲೆಂದೇ ಹರಸುತ್ತಾರೆ.

ಆದುದರಿಂದ ಅವರೊಡನೆ ವ್ಯವಹಾರವಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಸಾಹುಕಾರರಿಗೆ ಫೋನು ಮಾಡಿದಾಗ ಮೊದಲು ಕಾರಿನಲ್ಲಿ ಯಾರ್ಯಾರು ಇದ್ದೀರೆಂದು ವಿಚಾರಿಸಿ, ಆಮೇಲೆ ವಿಷಯಕ್ಕೆ ಬನ್ನಿ. ಅವರು "ಯಾರೂ ಇಲ್ಲ, ಹೇಳು" ಎಂದರೆ ನಂಬಬೇಡಿ. ನಾನು ಹಿಂದಿನ ಆಸನದಲ್ಲಿ ಇರುತ್ತೇನೆ.