ಬೇಳೆ ಬೇಯದ ನೀರಿನಲ್ಲಿ ಮೀನು

ನಮ್ಮ ಸೀಮೆಯ ಜನಕ್ಕೆ ಯಾವ ಹುಚ್ಚು ಬೇಕಾದರೂ ಹಿಡಿಯಲಿ, ನೀರಿನ ಹುಚ್ಚು ಹಿಡಿಯಬಾರದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕರಲ್ಲಿ ಎಲ್ಲಿ ಹುಟ್ಟಿದರೂ ಕೆರೆ ಅಂದರೆ ಹುಡುಗರು ಕ್ರಿಕೆಟ್ ಆಡುವ ಬಯಲು, ಕೋಡಿ ಅಂದರೆ ತಾತ ಹೇಳುವ ಕಥೆ. ಅಪರೂಪಕ್ಕೆ ಒಂದು ವರ್ಷ ಕೋಡಿ ಬಿತ್ತೆಂದರೆ ಬಾಗಿನ ಬಿಡುವವರಿಗಿಂತ ಸೆಲ್ಫಿ ತೆಗೆಯುವವರೇ ಜಾಸ್ತಿ. ನೀರು ಹುಡುಕಿಕೊಂಡು ಭೂಮಿಗೆ ಸಾವಿರ ಅಡಿ ತೂತು ಕೊರೆಯುವ ಈ ಊರುಗಳಲ್ಲಿ, ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಅದಕ್ಕೆ ನೀರು ತುಂಬಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂರುವವರನ್ನು ಏನನ್ನಬೇಕು? ನಮ್ಮಕ್ಕ ಒಂದು ಮಾತು ಅನ್ನುತ್ತಾಳೆ. ಅಚ್ಚಿಗೆ ಬರುವಂಥದ್ದಲ್ಲ.

ಕೂತವರು ನಮ್ಮ ಭಾವ. ರಿಟೈರಾದ ಮೇಲೆ ಬಿ.ಪಿ. ಇಳಿಸಿಕೊಳ್ಳಲು ಮೀನು ಸಾಕುತ್ತೇನೆಂದು ಹೊರಟವರು. ಅಂಗಡಿಯವನು ಒಂದು ತೊಟ್ಟಿಯ ಜೊತೆಗೆ ನೀಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗಾಳಿ ಊದುವ ಮೋಟಾರು, ಬಾಯಿ ತೆರೆದು ಗುಳ್ಳೆ ಬಿಡುವ ಮೊಸಳೆ, ಎಲ್ಲ ಕಟ್ಟಿಕೊಟ್ಟ. ಮೇಲೆ ಎರಡು ಗೋಲ್ಡ್‌ಫಿಶ್. "ಮನೆಗೆ ಲಕ್ಷ್ಮಿ ಬರ್ತಾಳೆ ಸಾರ್" ಅಂದನಂತೆ. ಲಕ್ಷ್ಮಿ ಬೇಕಿದ್ದರೆ ಕೊರಟಗೆರೆ ಪಕ್ಕದಲ್ಲೇ ಗೊರವನಹಳ್ಳಿ ಇದೆ, ಬಸ್ ಚಾರ್ಜಿನಲ್ಲಿ ಮುಗಿಯುತ್ತಿತ್ತು. ಗೋಲ್ಡ್‌ಫಿಶ್ ಅನ್ನುವುದು ತಿನ್ನುವುದರಲ್ಲೂ ಹೊಲಸು ಮಾಡುವುದರಲ್ಲೂ ಎಮ್ಮೆಯ ಪೈಕಿ. ಎರಡಡಿ ತೊಟ್ಟಿ ಅದಕ್ಕೆ ಯಾವ ಮೂಲೆಗೆ! ಭಾವ ಪ್ರೀತಿಯಿಂದ ಹಾಕಿದ ಕಾಳು ಕೊಳೆಯಿತು, ರಾತ್ರಿಯೆಲ್ಲ ಕರೆಂಟು ಇರಲಿಲ್ಲ, ಬೆಳಿಗ್ಗೆ ಮೊಸಳೆ ಒಂದೇ ಉಳಿದಿತ್ತು.

ಮೊಮ್ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಸಮಾಧಾನ ಹೇಳಿದಳು, "ತಾತ, ನೀನು ಲೋ-ಟೆಕ್ ಮಾಡು." ಭಾವನಿಗೆ ಸಿಟ್ಟು ನೆತ್ತಿಗೇರಿತು. "ಲೋ ಅಂತೆ! ನಾನೇನು ಅಷ್ಟು ಕಡೆಯಾದೆನಾ?"

ಅದು ಹಾಗಲ್ಲ ಅಂತ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಊದುವುದಿಲ್ಲ, ಕಣ್ಣು ಕುಕ್ಕುವ ದೀಪವಿಲ್ಲ, ಬಾಟಲಿ ಗೊಬ್ಬರವಿಲ್ಲ. ತಳಕ್ಕೆ ಮಣ್ಣು, ಮಣ್ಣಿನ ಮೇಲೆ ಮರಳು, ಮರಳಿನಲ್ಲಿ ಒತ್ತಾಗಿ ಗಿಡ, ಆಮೇಲೆ ಕೈಬೆರಳೆಣಿಕೆಯ ಸಣ್ಣ ಮೀನು. ಮೀನಿನ ಹೊಲಸು ಗಿಡಕ್ಕೆ ಆಹಾರ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ ಉಸಿರು. 1850ರ ಸುಮಾರಿಗೇ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಇದನ್ನು ಮಾಡಿ ತೋರಿಸಿದ್ದ. ಮೊದಲು ಮೀನು ಮತ್ತು ವ್ಯಾಲಿಸ್ನೇರಿಯಾ ಗಿಡ ಹಾಕಿದ, ಎಲೆ ಕೊಳೆತು ಲೋಳೆ ಕಟ್ಟಿತು. ಕೊಳೆತದ್ದನ್ನು ತಿನ್ನಲು ಬಸವನಹುಳ ಬಿಟ್ಟ, ಲೆಕ್ಕ ಸರಿಹೋಯಿತು. ನಮ್ಮ ಕಾಲಕ್ಕೆ ಅಮೆರಿಕದ ಡಯಾನಾ ವಾಲ್‌ಸ್ಟಡ್ ಅನ್ನುವ ಹೆಂಗಸು 1999ರಲ್ಲಿ ಇದರ ಮೇಲೇ ದಪ್ಪ ಪುಸ್ತಕ ಬರೆದು, ಗೋಣಿಚೀಲದ ಮಣ್ಣಿಗೂ ಮರ್ಯಾದೆ ತಂದರು. ಇಷ್ಟೆಲ್ಲ ಕೇಳಿಸಿಕೊಂಡು ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ನಮ್ಮ ಕಡೆ ಕೆರೆ ಅಂತೀವಲ್ಲಪ್ಪ."

ನಾನು ಬಾಯಿ ಮುಚ್ಚಿದೆ. ಅಂದಿದ್ದು ಸರಿಯಾಗೇ ಇತ್ತು.

ಹಾಗಾಗಿ ಮಣ್ಣಿಗೆ ಪ್ಯಾಕೆಟ್ಟು ತರಿಸುವ ಮಾತೇ ಏಳಲಿಲ್ಲ. ಬೇಸಿಗೆ ಬಂದರೆ ಒಣಗಿದ ಕೆರೆಯಂಗಳದಿಂದ ಹೊಲಕ್ಕೆ ಗೋಡು ಹೊಡೆಸುವುದು ನಮ್ಮ ಕಡೆ ಹಬ್ಬದಷ್ಟೇ ಖಾಯಂ. ಸುತ್ತಲ ಹೊಲ, ಗುಡ್ಡಗಳ ಸಾರವೆಲ್ಲ ಕೊಚ್ಚಿಬಂದು ಕೆಳಗೆ ಕೂತ ನುಣುಪು ಮಣ್ಣು ಅದು, ಜೇಡಿ ಹೆಚ್ಚು, ಬೇರಿಗೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಭಾವ ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ಎರಡು ಬಾಂಡ್ಲಿ ಗೋಡು ಕೇಳಿದರು. "ಲೋಡಿಗೆ ಕಮ್ಮಿ ಹಾಕಲ್ಲ ಸ್ವಾಮಿ" ಅಂದ ಡ್ರೈವರ್, ಮೀನಿಗೆ ಅಂತ ಗೊತ್ತಾದ ಮೇಲೆ ಇವರ ಮುಖವನ್ನೇ ಒಂದು ಗಳಿಗೆ ನೋಡಿ, ದುಡ್ಡು ಬೇಡವೆಂದು ಪುಕ್ಕಟೆ ಸುರಿದು ಹೋದ. ಮರುಕ ಅನ್ನುವುದು ಇನ್ನೂ ಉಳಿದಿದೆ. ಲೆಕ್ಕ ಹಾಕಿದರೆ ಎರಡಡಿ ಉದ್ದ, ಒಂದಡಿ ಅಗಲದ ತಳಕ್ಕೆ ಒಂದಂಗುಲ ಮಣ್ಣು ಹರಡಲು ಅರ್ಧ ಬಕೆಟ್ ಬೇಕು, ಅಷ್ಟೇ. ಮಿಕ್ಕದ್ದು ತುಳಸಿಕಟ್ಟೆಗೆ ಹೋಯಿತು.

ಗೋಡನ್ನು ಜರಡಿ ಹಿಡಿದು, ಬೇರು, ಕಡ್ಡಿ, ಶಂಖದ ಚೂರು ತೆಗೆದು, ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಒಣಗಿಸಬೇಕು. ಅರೆಬರೆ ಕೊಳೆತದ್ದು ಆಚೆಯೇ ಕೊಳೆತು ಮುಗಿಯಲಿ ಅಂತ. ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಗೋಡು ಒಣಗುತ್ತಿದ್ದಾಗ ಪಕ್ಕದ ಮನೆಯ ರೈತರೊಬ್ಬರು ಸಲಹೆ ಕೊಟ್ಟರು, "ಒಂದು ಹಿಡಿ ಡಿ.ಎ.ಪಿ. ಎರಚಿ ಸ್ವಾಮಿ, ಗಿಡ ಹೆಂಗೆ ಎದ್ದು ಬರ್ತವೆ ನೋಡಿ." ಗಿಡ ಏಳುತ್ತಿದ್ದವೋ ಇಲ್ಲವೋ, ಮೀನು ಮಲಗುತ್ತಿದ್ದವು. ಯೂರಿಯಾ, ಡಿ.ಎ.ಪಿ., ಹಸಿ ಸಗಣಿ ಯಾವುದೇ ಇರಲಿ, ನೀರಿನಲ್ಲಿ ಅಮೋನಿಯಾ ಆಗುತ್ತದೆ. ನೀರು ಕ್ಷಾರದ ಕಡೆ ವಾಲಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ನಮ್ಮ ಬೋರಿನ ನೀರು ವಾಲಿರುವುದೂ ಆ ಕಡೆಗೇ.

ಮರಳಿನದು ಬೇರೆ ರಾಮಾಯಣ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಹಾದು ಆಂಧ್ರಕ್ಕೆ ಹೋಗಿ ಪಿನಾಕಿನಿ ಸೇರುವ ಜಯಮಂಗಲಿ ನಮಗೆ ನೀರು ಕೊಟ್ಟದ್ದಕ್ಕಿಂತ ಮರಳು ಕೊಟ್ಟದ್ದೇ ಹೆಚ್ಚು. ಅದನ್ನೂ ಬಿಡಲಿಲ್ಲ ನಾವು. ಈಗ ಒಂದು ಬಕೆಟ್ ಮರಳು ಹೊತ್ತು ತಂದರೂ ಬೀದಿಯವರು "ಪರ್ಮಿಟ್ ಐತಾ?" ಅಂತಾರೆ. ಎಂ-ಸ್ಯಾಂಡ್ ಆಗುತ್ತದೆ, ಆದರೆ ಅದರ ಕಲ್ಲುಹಿಟ್ಟು ಹೋಗುವ ತನಕ ತೊಳೆಯುವಷ್ಟರಲ್ಲಿ ತೊಟ್ಟಿಗೆ ಬೇಕಾದ ನೀರೆಲ್ಲ ಮೋರಿ ಸೇರುತ್ತದೆ. ಯಾರದೋ ಮನೆ ಕಟ್ಟಿ ಮಿಕ್ಕಿದ್ದ ಹಳೇ ಹೊಳೆಮರಳು ಸಿಕ್ಕಿತು, ಒಂದಂಗುಲ ಹಾಸಿದ್ದಾಯಿತು. ಇದು ಮಣ್ಣು ಮೇಲೇಳದಂತೆ ತಡೆಯುವ ಮುಚ್ಚಳ. ಬಹಳ ದಪ್ಪ ಹಾಸಿದರೆ ಕೆಳಗೆ ಉಸಿರಿಲ್ಲದೆ ಕೊಳೆತು ನಾರುತ್ತದೆ. ಅಲಂಕಾರಕ್ಕೆ ಕಲ್ಲು? ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಹುಟ್ಟಿದವರು ಕಲ್ಲಿಗೆ ಅಂಗಡಿಗೆ ಹೋಗುವುದುಂಟೆ? ಗ್ರಾನೈಟು ನೀರಿಗೆ ಏನನ್ನೂ ಬಿಡುವುದಿಲ್ಲ, ಒಳ್ಳೇದೇ. ಕೋಟೆಯ ಕಲ್ಲಿಗೆ ಮಾತ್ರ ಕೈ ಹಾಕಬೇಡಿ, ಹೊಲದ ಬದುವಿನದು ಸಾಕು.

ತೊಟ್ಟಿ ಎಲ್ಲಿಡಬೇಕು ಅನ್ನುವುದಕ್ಕೆ ಬಂದವರೆಲ್ಲ ವಾಸ್ತು ಹೇಳಿದರು, ತೂಕ ಯಾರೂ ಹೇಳಲಿಲ್ಲ. ಎರಡಡಿ, ಒಂದಡಿ, ಒಂದಡಿಯ ತೊಟ್ಟಿ ತುಂಬಿದರೆ ನೀರೇ 56 ಲೀಟರು, ಅಂದರೆ 56 ಕೆ.ಜಿ. ಅದರ ಮೇಲೆ ಗಾಜು, ಮಣ್ಣು, ಕಲ್ಲು. ಅಕ್ಕನ ಮದುವೆಗೆ ಕೊಟ್ಟ ಟೀಪಾಯಿ ಈಶಾನ್ಯದಲ್ಲಿದ್ದರೂ ಅದನ್ನು ಹೊರಲಾರದು. ಕಡಪಾ ಕಲ್ಲಿನ ಕಟ್ಟೆ ನೈಋತ್ಯದಲ್ಲಿದ್ದರೂ ಹೊರುತ್ತದೆ.

ಇನ್ನು ನೀರು. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಸೋಲಾರ್ ಹೀಟರಿನ ಪೈಪಿನಲ್ಲಿ ಸುಣ್ಣ ಕಟ್ಟಿ ವರ್ಷಕ್ಕೊಮ್ಮೆ ಪ್ಲಂಬರನಿಗೆ ಜಾತ್ರೆ. ಪಾವಗಡದ ಕಡೆಗೆ ಹೋದರೆ ಫ್ಲೋರೈಡು ಬೇರೆ, ಹಲ್ಲು ನೋಡಿ ಊರು ಹೇಳಬಹುದಿತ್ತು. ಅದಕ್ಕೇ ಊರೂರಿಗೂ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಫಿಲ್ಟರ್ ನೀರಿನ ಘಟಕ ಬಂದದ್ದು. ಭಾವ ಮೀನಿನ ಮೇಲಿನ ಮಮಕಾರಕ್ಕೆ ಮೂರು ಕ್ಯಾನು ಫಿಲ್ಟರ್ ನೀರು ತರಲು ಹೊರಟಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು, "ನಾವು ಕುಡಿಯೋ ನೀರಲ್ಲಿ ಮೀನಿಗೆ ಸ್ನಾನವಾ?" ವಿಜ್ಞಾನವೂ ಅಕ್ಕನ ಕಡೆಗೇ ಇತ್ತು. ಫಿಲ್ಟರ್ ಘಟಕ ನೀರಿನ ಲವಣಗಳಲ್ಲಿ ಬಹುಪಾಲನ್ನು ಸೋಸಿ ಬಿಡುತ್ತದೆ, ಆ ಬೋಳು ನೀರು ಗಿಡಕ್ಕೂ ಮೀನಿಗೂ ಆಗದು. ಬೇಳೆ ಬೇಯದ ಗಡಸು ನೀರೇ ಗಪ್ಪಿ ಮೀನಿಗೆ ಸ್ವರ್ಗ. ಅಂಗಡಿಯಲ್ಲಿ ಮಿನುಗುವ ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯ ಮೆದು ನೀರಿನ ಜೀವ, ಅದನ್ನು ನಮ್ಮ ಬೋರಿಗೆ ಕರೆತರುವುದು ಮಲೆನಾಡಿನ ಹುಡುಗಿಯನ್ನು ಪಾವಗಡಕ್ಕೆ ಕೊಟ್ಟಂತೆ, ಬಾಳುತ್ತಾಳೆ, ನಗುವುದಿಲ್ಲ. ಗಪ್ಪಿ ಹಾಗಲ್ಲ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗೆ, ತೊಟ್ಟಿಗೆ ಬಿಡುತ್ತಾ ಬಂದ ಮೀನು ಇದೇ. ಕೋಲಾರದ ಹಳ್ಳಿಗಳ ಬಾವಿಯಲ್ಲಿ ಮಲೇರಿಯಾ ಸೊಳ್ಳೆಯ ಮರಿಗಳನ್ನು ತಿಂದು ಸಂಶೋಧನಾ ಪತ್ರಿಕೆಗಳಲ್ಲೂ ಹೆಸರು ಮಾಡಿದೆ. ಸರ್ಕಾರಿ ನೌಕರಿ ಮಾಡಿದ ಮೀನು ಅಂತ ಭಾವನಿಗೆ ಇನ್ನಷ್ಟು ಗೌರವ.

ಮಾಡಬೇಕಾದದ್ದು ಇಷ್ಟೇ. ಆಗ ತಾನೇ ಮೇಲೆತ್ತಿದ ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಬಿಡಬೇಕು. ಪುರಸಭೆ ನಲ್ಲಿಯದಾದರೆ ಬ್ಲೀಚಿಂಗ್ ಪೌಡರಿನ ಘಾಟು ಹೋಗಲೂ ಇದೇ ಉಪಾಯ. ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ಸಣ್ಣಗೆ ಸುರಿಯಬೇಕು, ಇಲ್ಲದಿದ್ದರೆ ಗೋಡು ಎದ್ದು ತೊಟ್ಟಿ ಕಾಫಿಯಾಗುತ್ತದೆ. ನಮ್ಮ ಬೇಸಿಗೆಗೆ ನೀರು ದಿನಾ ಒಂದಿಷ್ಟು ಆವಿಯಾಗುತ್ತದೆ, ಲವಣ ಹಾಗೇ ಉಳಿಯುತ್ತದೆ. ಬೋರಿನ ನೀರನ್ನೇ ತುಂಬುತ್ತಾ ಹೋದರೆ ಗಡಸು ಏರುತ್ತಲೇ ಇರುತ್ತದೆ. ಮಾಳಿಗೆಯ ಮಳೆನೀರು ಹಿಡಿದಿಟ್ಟಿದ್ದರೆ, ಅಥವಾ ಅಕ್ಕ ಕಣ್ಣು ಮರೆ ಮಾಡಿದರೆ ಅರ್ಧ ಕ್ಯಾನು, ಭರ್ತಿಗೆ ಅದು ಸರಿ.

ಗಿಡ ನಮ್ಮ ಕೆರೆಕುಂಟೆಗಳಲ್ಲೇ ಇದೆ. ಕಡ್ಡಿಗೆ ಸುತ್ತಲೂ ಚಿಕ್ಕ ಚಿಕ್ಕ ಎಲೆ ಇರುವ ಹೈಡ್ರಿಲ್ಲಾ, ರಿಬ್ಬನ್ನಿನಂತೆ ಉದ್ದಕ್ಕೆ ತೇಲುವ ವ್ಯಾಲಿಸ್ನೇರಿಯಾ, ಎರಡಕ್ಕೂ ಗಡಸು ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ಹೀರುವ ವಿದ್ಯೆ ಗೊತ್ತು. ಹೈಡ್ರಿಲ್ಲಾ ಎಲೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಮರಳು ಮರಳಾಗಿ ಸುಣ್ಣ ಸಿಗುತ್ತದೆ. ಹೀರಿ ಉಗುಳಿದ ಗುರುತು ಅದು. ಮೇಲೆ ನಾಲ್ಕು ಅಂತರಗಂಗೆ ತೇಲಿಬಿಟ್ಟರೆ ಅದರ ಎಲೆಗೆ ಗಾಳಿ ಸಿಗುವುದರಿಂದ ಭರದಿಂದ ಬೆಳೆದು ಅಮೋನಿಯಾ ಕುಡಿಯುತ್ತದೆ. ಕುಂಟೆಯಿಂದ ತಂದದ್ದನ್ನು ಪಟಿಕದ ನೀರಿನಲ್ಲಿ ನೆನೆಸಿ ತೊಳೆಯದೆ ಹಾಕಿದರೆ ಜಿಗಣೆಯೋ ಏರೋಪ್ಲೇನ್ ಚಿಟ್ಟೆಯ ಮರಿಯೋ ಜೊತೆಗೆ ಬರುತ್ತದೆ. ಆ ಚಿಟ್ಟೆ ಆಕಾಶದಲ್ಲಿ ಚಂದ, ನೀರಿನಲ್ಲಿದ್ದಷ್ಟು ದಿನ ಮೀನುಮರಿ ತಿನ್ನುವ ರಾಕ್ಷಸ.

ಗಿಡ ನೆಟ್ಟಾದ ಮೇಲೆ ಬರುವುದೇ ನಿಜವಾದ ಕಷ್ಟ: ಸುಮ್ಮನಿರುವುದು. ಅಮೋನಿಯಾವನ್ನು ನೈಟ್ರೈಟು, ನೈಟ್ರೈಟನ್ನು ನೈಟ್ರೇಟು ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬಾರದು. ನಡುಮನೆಯಲ್ಲಿ ಮೀನಿಲ್ಲದ ಮೀನಿನ ತೊಟ್ಟಿ ಇಟ್ಟುಕೊಂಡು ನಮ್ಮ ಊರಿನಲ್ಲಿ ನಾಲ್ಕು ವಾರ ಕಳೆಯುವುದು ಹುಡುಗಾಟವಲ್ಲ. "ಪಾಚಿ ಸಾಕಿದ್ದೀರಾ?" "ಮೀನು ಸಾರಾಯ್ತಾ?" "ಒಳ್ಳೆ ನೀರು ಕೆಟ್ಟೋಯ್ತಲ್ಲ!" ಬಂದವರೆಲ್ಲ ಒಂದೊಂದು ಎಸೆದು ಹೋದರು. ಸಲಹೆ ಕೊಡುವವರಿಗೂ ಬರವಿಲ್ಲ. ನನ್ನ ಪ್ರಕಾರ ನಮ್ಮ ಕಡೆ ಮೀನಿನ ವಿಷಯ ಬಲ್ಲವರು ಶಿರಾ ಹತ್ತಿರದ ಕಗ್ಗಲಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆಗಳು ಮಾತ್ರ, ಅವು ಬಾಯಿ ಬಿಡುವುದು ತಿನ್ನಲಿಕ್ಕೆ.

ಬೆಳಕಿಗೆ ನಮ್ಮಲ್ಲಿ ಕೊರತೆಯೇ? ಪಾವಗಡದ ತಿರುಮಣಿ ಸುತ್ತ 13,000 ಎಕರೆಗೆ ಫಲಕ ಹಾಸಿ 2,050 ಮೆಗಾವಾಟ್ ತೆಗೆಯುತ್ತಿದ್ದೇವೆ, ಮಳೆ ಕೈಕೊಟ್ಟ ನೆಲವನ್ನು ರೈತರು ಬಿಸಿಲಿಗೇ ಗುತ್ತಿಗೆ ಕೊಟ್ಟಿದ್ದಾರೆ. ಅದೇ ಧೈರ್ಯದ ಮೇಲೆ ಭಾವ ತೊಟ್ಟಿಯನ್ನು ಪಡುವಣ ಕಿಟಕಿಗೆ ಒತ್ತರಿಸಿದರು. ನೀರು ಹೆಸರುಕಾಳಿನ ಬಣ್ಣಕ್ಕೆ ತಿರುಗಿತು. ದಿನಕ್ಕೆ ಆರರಿಂದ ಎಂಟು ಗಂಟೆ ಒಂದು ಎಲ್‌ಇಡಿ ದೀಪ ಸಾಕು, ನೇರ ಬಿಸಿಲು ಪಾಚಿಗೆ ಊಟ. ಕರೆಂಟು ಹೋದರೆ ಹೋಗಲಿ, ನಿಲ್ಲಲು ಇಲ್ಲಿ ಮೋಟಾರೇ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿ ನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳದು, ಆಗ ಮುಚ್ಚಳ ತೆಗೆದು ಮೇಲ್ಮೈಗೆ ಫ್ಯಾನಿನ ಗಾಳಿ ತಾಕಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಕೊನೆಗೆ ಗಪ್ಪಿ ಬಂದವು. ಭಾವ ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹೈಡ್ರಿಲ್ಲಾ ತುದಿಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಒಂದರ ಹಿಂದೊಂದು ದಾರ ಪೋಣಿಸಿದಂತೆ ಏಳುವುದನ್ನು ನನಗೂ ತೋರಿಸಿದರು. ಬಿ.ಪಿ. ಇಳಿಯಿತಾ ಗೊತ್ತಿಲ್ಲ. ಇಳಿದಿದ್ದರೂ ನೆಂಟರು ಏರಿಸುತ್ತಾರೆ. ದೇವಸ್ಥಾನದ ಕಲ್ಯಾಣಿಗೆ ಪುರಿ ಎರಚಿ ಅಭ್ಯಾಸವಾದ ಕೈಗಳು, ತೊಟ್ಟಿ ಕಂಡ ಕೂಡಲೇ ಜೇಬಿಗೆ ಹೋಗುತ್ತವೆ. ತಳದಲ್ಲಿ ಪುರಿ ಕೊಳೆತರೆ ಮತ್ತದೇ ಅಮೋನಿಯಾ. ಕಣ್ಣಿನಷ್ಟೇ ಹೊಟ್ಟೆ ಇರುವ ಮೀನಿಗೆ ಚಿಟಿಕೆ ಕಾಳು ಹೆಚ್ಚು, ವಾರಕ್ಕೊಂದು ದಿನ ಉಪವಾಸ ಹಾಕಿದರೆ ಏನೂ ಆಗುವುದಿಲ್ಲ. ಅಕ್ಕ ಅದನ್ನು ಶನಿವಾರಕ್ಕೆ ಗೊತ್ತು ಮಾಡಿದ್ದಾಳೆ. ಪಾವಗಡದ ಶನಿಮಹಾತ್ಮನಿಗೆ ಮೀನುಗಳ ಲೆಕ್ಕದಲ್ಲೂ ಒಂದು ಒಪ್ಪೊತ್ತು.

ಈಗಿನ ತಾಪತ್ರಯ ಬೇರೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಗಂಡನ್ನು ಬೇರೆ ಮಾಡಿದರೂ ಹಳೇ ಸಂಸಾರದ ನೆನಪಿನಲ್ಲೇ ಹಲವು ತಿಂಗಳು ಹಾಕುತ್ತಲೇ ಇರುತ್ತದೆ. ತೊಟ್ಟಿ ತುಂಬಿ, ಅಡುಗೆಮನೆಯ ಎರಡು ಬೋಸಿ ತುಂಬಿವೆ. ಕೆರೆಗೆ ಬಿಡೋಣವೆಂದರೆ ಬಿಡುವ ಹಾಗಿಲ್ಲ, ಹೊರನಾಡಿನ ಈ ಮೀನು ನಮ್ಮ ಕೆರೆಯ ಸಣ್ಣ ಮೀನುಗಳ ಕೂಳಿಗೆ, ಮರಿಗಳಿಗೆ ಬಾಯಿ ಹಾಕುತ್ತದೆ. ಆದ್ದರಿಂದ ಭಾವ ಕೇಳಿದವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದಾರೆ, ಕೇಳದವರಿಗೂ. ಬರುವವರು ಡಬ್ಬ ತಂದುಕೊಳ್ಳಿ. ಹೋದ ಸಲ ಅಕ್ಕನ ಹಾರ್ಲಿಕ್ಸ್ ಬಾಟಲಿ ಒಯ್ದವರು ಇನ್ನೂ ವಾಪಸು ಕೊಟ್ಟಿಲ್ಲ, ಯಾರು ಅಂತ ಅವಳಿಗೆ ಗೊತ್ತಿದೆ.