ಒಂದು ಪ್ರಶ್ನೆ ಸೇರಿಸಿ, ಸ್ವಾಮಿ

ವಾಷಿಂಗ್ಟನ್ ನಗರದ ರಾಷ್ಟ್ರೀಯ ಭದ್ರತಾ ಫೆಲೋಶಿಪ್‌ಗಳ ಆಯ್ಕೆ ಸಮಿತಿಗಳ ಸಮಸ್ತ ಸದಸ್ಯರಿಗೆ,

ಮಾನ್ಯರೆ,

ಮೂವತ್ತರ ಆಸುಪಾಸಿನ ಚುರುಕು ತರುಣ ತರುಣಿಯರನ್ನು ಹೆಕ್ಕಿ, ಮಾಜಿ ಮಂತ್ರಿಗಳ ಮತ್ತು ನಿವೃತ್ತ ಜನರಲ್‌ಗಳ ಪಕ್ಕ ಊಟಕ್ಕೆ ಕೂರಿಸಿ, ನಾಳಿನ ನಾಯಕರಾಗಿರೆಂದು ಹರಸಿ ಕಳಿಸುವ ನಿಮ್ಮ ಸೇವೆ ದೊಡ್ಡದು. ನಿಮ್ಮ ಅರ್ಜಿ ನಮೂನೆಯ ಮೇಲೂ ನನಗೆ ಗೌರವವಿದೆ. ಅಭ್ಯರ್ಥಿ ಹೊಸ ದನಿಯಾಗಿರಬೇಕು ಎನ್ನುತ್ತೀರಿ. ಆ ದನಿ ಹೊಸದೇ ಹೌದು ಎಂಬುದಕ್ಕೆ ಹಳಬರ ಶಿಫಾರಸು ಪತ್ರ ಲಗತ್ತಿಸಿ ಎಂದೂ ಹೇಳುತ್ತೀರಿ. ಇದರಲ್ಲಿ ವಿರೋಧಾಭಾಸ ಕಾಣುವವರು ಬಹುಶಃ ಶಿಫಾರಸು ಸಿಗದವರು. ನನ್ನ ಅಹವಾಲು ಬೇರೆ. ನಮೂನೆಯಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ: ನಿಮ್ಮ ಮೇಲಿನವರೆಲ್ಲ ಒಂದು ಕಡೆ ಇದ್ದಾಗ ನೀವು ಇನ್ನೊಂದು ಕಡೆ ನಿಂತದ್ದು ಯಾವಾಗ, ಅದಕ್ಕೆ ತೆತ್ತದ್ದೇನು? ಇದು ಮರೆವಿನಿಂದ ಬಿಟ್ಟುಹೋದದ್ದಲ್ಲ, ಅನುಭವದಿಂದ ಬಿಟ್ಟದ್ದು ಎಂದು ನನ್ನ ಗುಮಾನಿ. ನಿಮ್ಮ ಕಸುಬಿನಲ್ಲಿ ಒಬ್ಬನೇ ಸರಿಯಾಗುವುದು ಎಲ್ಲರ ಜೊತೆ ಸೇರಿ ತಪ್ಪುವುದಕ್ಕಿಂತ ಬಹಳ ದುಬಾರಿ.

ಇರಾಕ್ ಯುದ್ಧವನ್ನೇ ನೋಡಿ. 2002ರ ಸೆಪ್ಟೆಂಬರ್ 26ರಂದು ಅಂತರರಾಷ್ಟ್ರೀಯ ಸಂಬಂಧಗಳ 33 ವಿದ್ವಾಂಸರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಜಾಹೀರಾತು ಹಾಕಿ, ಈ ಯುದ್ಧ ಅಮೆರಿಕದ ಹಿತಕ್ಕೆ ಒಳ್ಳೆಯದಲ್ಲ ಎಂದರು. ಅವರಲ್ಲಿ ಕೆನೆತ್ ವಾಲ್ಟ್ಸ್, ಥಾಮಸ್ ಶೆಲಿಂಗ್ ಇದ್ದರು. ಶಾಂತಿವಾದಿಗಳೆಂದು ತಳ್ಳಿಹಾಕುವ ಹಾಗಿರಲಿಲ್ಲ. ಅಣ್ವಸ್ತ್ರ, ಬೆದರಿಕೆ, ಬಲಾಬಲದ ಲೆಕ್ಕಾಚಾರವನ್ನು ನಿಮಗೆಲ್ಲ ಕಲಿಸಿದ ಮೇಷ್ಟ್ರುಗಳೇ ಅವರು. ಮುಂದಿನ ತಿಂಗಳು ಗುಪ್ತಚರ ಸಂಸ್ಥೆಗಳು ಒಟ್ಟಾಗಿ ವರದಿ ಕೊಟ್ಟಾಗ, ಸದ್ದಾಂ ಅಣ್ವಸ್ತ್ರ ಯೋಜನೆಯನ್ನು ಮತ್ತೆ ಶುರುಮಾಡಿದ್ದಾನೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ವಿದೇಶಾಂಗ ಇಲಾಖೆಯ ಪುಟ್ಟ ಗುಪ್ತಚರ ವಿಭಾಗ ಅದೇ ವರದಿಯೊಳಗೆ ಭಿನ್ನಮತ ದಾಖಲಿಸಿತು. 2003ರ ಫೆಬ್ರವರಿಯಲ್ಲಿ ಭೂಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ, ಯುದ್ಧ ಮುಗಿದ ಮೇಲೆ ಇರಾಕನ್ನು ಹಿಡಿತದಲ್ಲಿಡಲು ಕೆಲವು ಲಕ್ಷ ಸೈನಿಕರು ಬೇಕಾದಾರು ಎಂದು ಸೆನೆಟ್ ಸಮಿತಿಯ ಮುಂದೆ ಹೇಳಿದರು. ಎರಡೇ ದಿನದಲ್ಲಿ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಸ್ ಅದನ್ನು ತೀರಾ ಉತ್ಪ್ರೇಕ್ಷೆಯ ಅಂದಾಜೆಂದು ತಳ್ಳಿಹಾಕಿದರು. ಶಿನ್ಸೆಕಿ ಜೂನ್‌ನಲ್ಲಿ ನಿವೃತ್ತರಾದರು. ವುಲ್ಫೊವಿಟ್ಸ್ 2005ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರಾದರು. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ಅಮೆರಿಕದ್ದೇ ಶೋಧನಾ ತಂಡ 2004ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಡಿಸೆಂಬರ್‌ನಲ್ಲಿ, ದಾಸ್ತಾನು ಇದೆ ಎಂದಿದ್ದ ಸಿಐಎಯ ಮಾಜಿ ನಿರ್ದೇಶಕ ಜಾರ್ಜ್ ಟೆನೆಟ್‌ಗೆ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಿಕ್ಕಿತು. ಇರಾಕಿನ ಸೈನ್ಯವನ್ನೇ ವಿಸರ್ಜಿಸಿ ಲಕ್ಷಾಂತರ ಜನರನ್ನು ನಿರುದ್ಯೋಗಿಗಳಾಗಿಸಿದ ಪಾಲ್ ಬ್ರೆಮರ್‌ಗೂ ಅದೇ ದಿನ, ಅದೇ ಪದಕ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಮ್ಮಲ್ಲಿ ನಗುತ್ತಾರೆ. ನಿಮ್ಮಲ್ಲಿ ಬಾಗಿಲು ಹಾಕಿದವನಿಗೆ ಸನ್ಮಾನ, ಮೊದಲೇ ಕೂಗಿದವನಿಗೆ ಪಿಂಚಣಿ.

ಇದೆಲ್ಲ ಆದಮೇಲೆ ಹೇಳುವ ಜಾಣತನ ಎನ್ನುತ್ತೀರಿ. ಅಲ್ಲ, ಮೇಲಿನ ಎಚ್ಚರಿಕೆಗಳ ತಾರೀಕು ನೋಡಿ, ಎಲ್ಲವೂ ಯುದ್ಧಕ್ಕೆ ಮುಂಚಿನವು. ಶಿನ್ಸೆಕಿ 2009ರಲ್ಲಿ ಮಂತ್ರಿಯಾದರಲ್ಲ ಎನ್ನುತ್ತೀರಿ. ಆದರು, ಬೇರೆ ಅಧ್ಯಕ್ಷರು ಬಂದ ಮೇಲೆ. ಸಿಕ್ಕ ಖಾತೆಯೋ ಮಾಜಿ ಸೈನಿಕರ ಕಲ್ಯಾಣದ್ದು: ಎಷ್ಟು ಸೈನಿಕರು ಬೇಕೆಂದು ಸರಿಯಾಗಿ ಅಂದಾಜಿಸಿದವರಿಗೆ, ಗಾಯಗೊಂಡು ಮರಳಿದವರ ಆಸ್ಪತ್ರೆ ನೋಡಿಕೊಳ್ಳುವ ಭಾಗ್ಯ. ಎಲ್ಲರೂ ಎದುರು ಮಾತಾಡಿದರೆ ಆಡಳಿತ ನಡೆಯುವುದು ಹೇಗೆ ಎಂಬ ನಿಮ್ಮ ಮೂರನೆಯ ಆಕ್ಷೇಪಕ್ಕೆ ತೂಕವಿದೆ. ಸೇನೆಗೆ, ಗುಪ್ತಚರಕ್ಕೆ ಶಿಸ್ತು ಬೇಕೇ ಬೇಕು. ಆದರೆ ಶಿನ್ಸೆಕಿ ಆಜ್ಞೆ ಮೀರಲಿಲ್ಲ, ಸೆನೆಟರ್ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರು. ಭಿನ್ನಮತ ಬರೆದವರು ಕಡತ ಕದ್ದು ಪತ್ರಿಕೆಗೆ ಕೊಡಲಿಲ್ಲ, ಅದಕ್ಕೆಂದೇ ಇದ್ದ ಜಾಗದಲ್ಲಿ ಬರೆದರು. ಶಿಸ್ತು ಮುರಿಯದೆ ಇಲ್ಲ ಎನ್ನಬಲ್ಲವರು ಇದ್ದರು. ಅಂಥವರನ್ನು ಗುರುತಿಸುವ ಕಲೆಯೇ ನಿಮ್ಮ ನಮೂನೆಗೆ ತಿಳಿಯದು.

ಈಗಿನ ಅಭ್ಯರ್ಥಿಗಳು ಆಗ ಶಾಲಾ ಮಕ್ಕಳು, ಅವರಿಗೇಕೆ ಇರಾಕಿನ ಶಿಕ್ಷೆ ಎಂದೂ ಕೇಳಬಹುದು. ಅವರ ಕಾಲದ್ದೇ ಇನ್ನೊಂದಿದೆ. 2019ರ ಡಿಸೆಂಬರ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಅಫ್ಘಾನಿಸ್ತಾನ ಯುದ್ಧದ ಕುರಿತ ಸರ್ಕಾರಿ ಕಡತಗಳನ್ನು ಬಯಲಿಗಿಟ್ಟಿತು. ಯುದ್ಧ ಗೆಲ್ಲುತ್ತಿದ್ದೇವೆಂದು ಜನರಿಗೆ ಹೇಳುತ್ತಿದ್ದಾಗಲೇ, ಒಳಗಿನ ಎಷ್ಟೋ ಅಧಿಕಾರಿಗಳು ಸಂದರ್ಶನಗಳಲ್ಲಿ ಬೇರೆಯದನ್ನೇ ಹೇಳಿಕೊಂಡಿದ್ದರು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಅವರಿಗೆ ಆಶ್ಚರ್ಯವಾಗಿರಲಿಕ್ಕಿಲ್ಲ. ಅಲ್ಲಿ ಮಾಹಿತಿಗೆ ಬರವಿರಲಿಲ್ಲ, ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಹೇಳುವವರಿಗೆ ಬರವಿತ್ತು.

ಪ್ರಶ್ನೆ ಹೆಚ್ಚಾದರೆ ಅರ್ಜಿದಾರರಿಗೆ ಹೊರೆ ಎಂಬ ಚಿಂತೆ ಬೇಡ. ಮುಂದೆ ಸರ್ಕಾರಿ ಕೆಲಸಕ್ಕೆ ಹೋಗುವವರು ರಹಸ್ಯ ಕಡತ ನೋಡುವ ಪರವಾನಗಿಗೆಂದು ಎಸ್‌ಎಫ್-86 ಎಂಬ ನೂರಕ್ಕೂ ಹೆಚ್ಚು ಪುಟಗಳ ನಮೂನೆ ತುಂಬಲೇಬೇಕು. ನ್ಯೂಜೆರ್ಸಿಯಲ್ಲಿ ಹುಟ್ಟಿದ ಕನ್ನಡದ ಹುಡುಗಿ ಅದರಲ್ಲಿ, ತಾನು ಆಗಾಗ ಫೋನ್ ಮಾಡುವ ದಾವಣಗೆರೆಯ ಸೋದರಮಾವನ ವಿವರವನ್ನೂ ಕೊಡಬೇಕಾದೀತು. ಮಾವನ ವಿಳಾಸ ಕೇಳುವ ವ್ಯವಸ್ಥೆ, ಆಕೆ ಯಾರಿಗಾದರೂ ಎಂದಾದರೂ ಇಲ್ಲ ಎಂದಿದ್ದಾಳೆಯೇ ಎಂದು ಕೇಳುವುದಿಲ್ಲ.

ಕೇಳಿ ನೋಡಿ. ನಾಯಕತ್ವದ ಪ್ರಬಂಧಕ್ಕೆ ಎಷ್ಟು ಪುಟ ಬೇಕಾದರೂ ಕೊಡಿ, ಇದಕ್ಕೆ ಮೂರು ಸಾಲು ಸಾಕು. ಇಪ್ಪತ್ತೆಂಟರ ಹರೆಯದಲ್ಲಿ ಇಲ್ಲ ಎನ್ನುವ ಅವಕಾಶ ಬಂದಿರದವರೇ ಹೆಚ್ಚು. ಖಾಲಿ ಬಿಟ್ಟರೆಂದು ಅವರನ್ನು ತಿರಸ್ಕರಿಸಬೇಡಿ. ಆದರೆ ಮೂರು ಸಾಲು ಸಾಲದೆ ಹೆಚ್ಚುವರಿ ಹಾಳೆ ಲಗತ್ತಿಸಿ, ತಮ್ಮ ಧೈರ್ಯವನ್ನು ದೃಢೀಕರಿಸಲು, ಯಾರಿಗೆ ಇಲ್ಲ ಎಂದರೋ ಆ ಮೇಲಧಿಕಾರಿಯದೇ ಶಿಫಾರಸು ಪತ್ರ ತಂದವರನ್ನು ಎರಡನೆಯ ಸುತ್ತಿಗೆ ಕರೆಯುವ ಮುನ್ನ ಸ್ವಲ್ಪ ಯೋಚಿಸಿ.

ಇಂತಿ ನಿಮ್ಮ ವಿಶ್ವಾಸಿ,
ಶಿಫಾರಸು ಪತ್ರವಿಲ್ಲದ ಒಬ್ಬ ಓದುಗ